ಅಲ್ಯೂಮಿನಿಯಂ ಕೊಳವೆಗೆ ತೂತು ಬೀಳುವ ಬಗೆ
(ಬ್ಲಾಕಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿ ನಾಲ್ಕು ಮಾತು ಹೇಳಬೇಕೆಂದು ನನಗೆ ಕರೆ ಬಂದಾಗ, ಗೊಬ್ಬರದ ವಿಷಯವನ್ನೋ ಬೀಜದ ವಿಷಯವನ್ನೋ ಹೇಳುವೆನೆಂದು ತಾವು ಎಣಿಸಿದ್ದಿರಬಹುದು. ಅವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾನು ಬಲ್ಲದ್ದು ಲೋಹದ ಕೆಲಸ. ಲೋಹಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವನು. ಆದುದರಿಂದ ತಮ್ಮ ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಅಡಿಗೆಮನೆಯಲ್ಲಿ ಇರುವ ಅಲ್ಯೂಮಿನಿಯಂ ಹೇಗೆ ಕೆಡುತ್ತದೆ, ಕೆಟ್ಟಿರುವುದನ್ನು ಅಳೆಯುವುದು ಹೇಗೆ, ತಡೆಯುವುದು ಹೇಗೆ ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡುಬಿಡುವೆ. ನಮ್ಮ ಚಿಕ್ಕಪ್ಪನ ಮಗನಿಗೆ ಮಲೆನಾಡಿನಲ್ಲಿ ಸ್ವಲ್ಪ ಕಾಫಿ ತೋಟವಿದೆ. ಕಾಫಿ ಬೆಳೆಯುವವರಿಗೆ ಹೂಮಳೆಯ ಬೆಲೆ ಗೊತ್ತು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮೊಗ್ಗು ಬಲಿತು ನಿಂತಾಗ ಒಂದು ಹದ ಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು. ಆ ದಿನಗಳು ತಪ್ಪಿದರೆ ವರ್ಷದ ಫಸಲಿಗೇ ಪೆಟ್ಟು. ಅವನ ಹತ್ತಿರ ಹಳೆಯ ಅಲ್ಯೂಮಿನಿಯಂ ಕೊಳವೆಗಳಿದ್ದವು. ಮಳೆಗಾಲವೆಲ್ಲ ಅವು ಗೊಬ್ಬರದ ಕೊಠಡಿಯ ನೆಲದ ಮೇಲೆ, ಪೊಟ್ಯಾಷ್ ಚೀಲಗಳ ಪಕ್ಕದಲ್ಲಿ ಮಲಗಿದ್ದವು. "ಅಣ್ಣಾ, ಇವು ಈ ವರ್ಷ ನಡೆದಾವೆಯೇ, ನೋಡಿ ಹೇಳು" ಎಂದ. ನಾನು ಎರಡು ಕೊಳವೆಗಳನ್ನು ಎತ್ತಿ ನೋಡಿದೆ, ತಟ್ಟಿ ನೋಡಿದೆ, ತಕ್ಕಡಿಗೆ ಹಾಕಿಯೂ ನೋಡಿದೆ. ತೂಕ ಇಳಿದಿರಲಿಲ್ಲ. ಅಲ್ಲಲ್ಲಿ ಬಿಳಿಯ ಚುಕ್ಕೆಗಳು ಮಾತ್ರ ಇದ್ದವು. "ಏನೂ ಆಗಿಲ್ಲ, ಧೈರ್ಯವಾಗಿ ಜೋಡಿಸು" ಎಂದೆ.

ಮಾರನೆಯ ಬೆಳಿಗ್ಗೆ ಪಂಪು ಹಾಕಿದೊಡನೆ ಮೂರು ಕೊಳವೆಗಳಿಂದ ಸೂಜಿಯಂತೆ ನೀರು ಚಿಮ್ಮಿತು. ನಾಲ್ಕನೆಯದು ಉದ್ದಕ್ಕೆ ಸೀಳಿತು. ಬೇರೆ ಕೊಳವೆ ತಂದು ಜೋಡಿಸುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. "ನೀನೇ ನೋಡಿದ್ದೆಯಲ್ಲಾ ಅಣ್ಣಾ" ಎಂದನೇ ಹೊರತು ಅವನು ಇನ್ನೇನೂ ಅನ್ನಲಿಲ್ಲ. ಲೋಹದ ಕೆಲಸ ಬಲ್ಲವನೆಂಬ ಹೆಸರಿದ್ದ ನನಗೆ ಆ ಒಂದು ಮಾತೇ ಸಾಕಾಯಿತು.

ನಾನು ಎಲ್ಲಿ ತಪ್ಪಿದೆ? ತೂಕವನ್ನು ನಂಬಿದೆ. ಕಬ್ಬಿಣದ ನೇಗಿಲು ಸವೆದರೆ ಮೈಯೆಲ್ಲ ಸವೆಯುತ್ತದೆ. ತುಕ್ಕು ಹಿಡಿದರೆ ಕೆಂಪಗೆ ಉದುರುತ್ತದೆ, ಕಣ್ಣಿಗೆ ಕಾಣುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಅದು ಹುಳುಕು ಹಲ್ಲಿನಂತೆ. ಮೇಲೆ ನೋಡಿದರೆ ಹಲ್ಲು ಹಲ್ಲಾಗಿಯೇ ಇರುತ್ತದೆ. ಒಂದು ಸಣ್ಣ ಕಪ್ಪು ಚುಕ್ಕೆ, ಒಳಗೆ ಬೇರಿನ ತನಕ ಟೊಳ್ಳು. ಲೆಕ್ಕ ಹಾಕಿ ನೋಡೋಣ. ಆರು ಮೀಟರ್ ಉದ್ದ, 75 ಮಿಲಿಮೀಟರ್ ಅಡ್ಡಳತೆ, ಒಂದೂಕಾಲು ಮಿಲಿಮೀಟರ್ ದಪ್ಪದ ಕೊಳವೆಯ ತೂಕ ಸುಮಾರು ನಾಲ್ಕೂಮುಕ್ಕಾಲು ಕಿಲೋ. ಅದರಲ್ಲಿ ಎರಡು ಮಿಲಿಮೀಟರ್ ಅಗಲದ ಒಂದು ತೂತು ಆರುಪಾರು ಬಿದ್ದರೆ ಹೋಗುವ ಲೋಹ 10 ಮಿಲಿಗ್ರಾಂ, ಅಂದರೆ ಅರ್ಧ ಅಕ್ಕಿಕಾಳಿನ ತೂಕ. ಯಾವ ತಕ್ಕಡಿ ಅದನ್ನು ಹೇಳೀತು? ಕೊಳವೆ ಮಾತ್ರ ಕೆಲಸಕ್ಕೆ ಬಾರದಾಯಿತು.

ಹೀಗೇಕೆ ಆಗುತ್ತದೆಂಬುದನ್ನು ತಿಳಿಯಲು ಈ ಲೋಹದ ಸ್ವಭಾವ ತಿಳಿಯಬೇಕು. ಅಲ್ಯೂಮಿನಿಯಂ ಗಾಳಿ ತಾಗಿದ ಕ್ಷಣದಲ್ಲಿಯೇ ತನ್ನ ಮೈಮೇಲೆ ಒಂದು ಪೊರೆಯನ್ನು ಹೊದೆದುಕೊಳ್ಳುತ್ತದೆ. ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲನ್ನು ಮೀರದಷ್ಟು ತೆಳುವಾದ ಪೊರೆ. ಗೀರಿದರೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಅಲ್ಯೂಮಿನಿಯಂ ಬಾಳಿಕೆ ಬರುವುದು ಈ ಪೊರೆಯ ಪುಣ್ಯದಿಂದ. ಹುಳಿ ಹೆಚ್ಚಾದರೂ ಈ ಪೊರೆ ಕರಗುತ್ತದೆ, ಖಾರ ಹೆಚ್ಚಾದರೂ ಕರಗುತ್ತದೆ. ಖಾರವೆಂದರೆ ಮೆಣಸಿನಕಾಯಿಯಲ್ಲ, ಸುಣ್ಣ, ಬೂದಿ, ಸೋಡಾ, ಹಸಿ ಸಿಮೆಂಟು. ಹುಳಿ ಖಾರಗಳನ್ನು ಅಳೆಯುವ ಪಿ.ಎಚ್. ಎಂಬ ಅಳತೆಯಲ್ಲಿ 4ರಿಂದ ಎಂಟೂವರೆಯವರೆಗೆ ಈ ಪೊರೆ ಕ್ಷೇಮ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ತಾವು ಈ ಅಳತೆಯನ್ನು ನೋಡಿದ್ದೀರಿ.

ಹಾಗಾದರೆ ಹುಳಿಯೂ ಅಲ್ಲದ, ಖಾರವೂ ಅಲ್ಲದ ನೀರಿನಲ್ಲಿ ಕೊಳವೆ ಏಕೆ ತೂತಾಗಬೇಕು? ಉಪ್ಪಿನಿಂದ. ಸವಳು ನೀರಿನಲ್ಲಿ, ಉಪ್ಪಿನಕಾಯಿಯಲ್ಲಿ, ದನದ ಗಂಜಲದಲ್ಲಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಎಂಬ ಅಂಶವಿದೆ. ಅದು ಪೊರೆಯನ್ನೆಲ್ಲ ಕರಗಿಸುವುದಿಲ್ಲ; ಎಲ್ಲಿ ಬಡವಾಗಿದೆಯೋ ಆ ಒಂದು ಚುಕ್ಕೆಯಲ್ಲಿ ಹರಿಯುತ್ತದೆ. ಅಲ್ಲಿ ಕರಗಿದ ಲೋಹ ನೀರಿನೊಡನೆ ಕೂಡಿ ಹುಳಿ ಹುಟ್ಟುತ್ತದೆ. ಬಾಯಿಗೆ ಬಿಳಿಯ ಹಿಟ್ಟಿನಂತಹ ಮುಚ್ಚಳ ಕಟ್ಟುತ್ತದೆ. ಮುಚ್ಚಳದ ಕೆಳಗಿನ ಹುಳಿ ಹೊರಗೆ ಹೋಗಲಾರದು, ಹೊರಗಿನ ಕ್ಲೋರೈಡ್ ಮಾತ್ರ ಒಳಕ್ಕೆ ಸೆಳೆದುಕೊಳ್ಳುತ್ತಿರುತ್ತದೆ. ಮೈಯೆಲ್ಲ ಗಟ್ಟಿಯಾಗಿದ್ದು ಒಂದು ಕುಳಿ ಮಾತ್ರ ಆಳವಾಗುತ್ತ ಹೋಗುವುದು ಹೀಗೆ. ನಾನು ಅಂದು ಅಲಕ್ಷ್ಯ ಮಾಡಿದ ಬಿಳಿಯ ಚುಕ್ಕೆಗಳು ಈ ಮುಚ್ಚಳಗಳೇ.

ಉಪ್ಪಿಗಿಂತ ದೊಡ್ಡ ವೈರಿ ತಾಮ್ರ. ಅಡಿಕೆ ಬೆಳೆಯುವವರು ಇದನ್ನು ಕಣ್ಣಾರೆ ಕಂಡಿದ್ದಾರೆ, ಆದರೆ ಬೇರೆ ಕಡೆ ಕಂಡಿದ್ದಾರೆ. ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ಕಬ್ಬಿಣದ ಚೂರಿಯನ್ನು ಅದ್ದುತ್ತೀರಲ್ಲವೆ? ಚೂರಿಯ ಮೇಲೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪೆಂಬುದು ತಾಮ್ರ. ಕಬ್ಬಿಣ ಕರಗಿ ನೀರಿಗೆ ಹೋಯಿತು, ನೀರಿನ ತಾಮ್ರ ಚೂರಿಗೆ ಬಂದು ಕುಳಿತಿತು. ಅಲ್ಯೂಮಿನಿಯಂ ಇದ್ದರೂ ನಡೆಯುವುದು ಇದೇ ವ್ಯಾಪಾರ. ಮೇಲಾಗಿ ಹಾಗೆ ಕುಳಿತ ತಾಮ್ರದ ಕಣ ಸುಮ್ಮನಿರುವುದಿಲ್ಲ; ತನ್ನ ಸುತ್ತಲಿನ ಅಲ್ಯೂಮಿನಿಯಂ ಅನ್ನು ತಿನ್ನಿಸುತ್ತದೆ. ಲೀಟರ್ ನೀರಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ತಾಮ್ರವಿದ್ದರೂ ಕುಳಿ ಬೀಳಲು ಸಾಕಾಗುತ್ತದೆ. ಬೋರ್ಡೋ ದ್ರಾವಣವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬಾರದು, ಕಲಸಿದ ಪೀಪಾಯಿಯ ತೊಳೆದ ನೀರನ್ನು ಅಲ್ಯೂಮಿನಿಯಂ ಕೊಳವೆಯಲ್ಲಿ ಬಿಡಬಾರದು. ಪ್ಲಾಸ್ಟಿಕ್ ಪೀಪಾಯಿ, ಮರದ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದು.

ನಂಬಿಕೆ ಬಾರದವರು ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ಉಪ್ಪುನೀರು ತೆಗೆದುಕೊಳ್ಳಿ. ಒಂದು ತಾಮ್ರದ ತಂತಿ, ಒಂದು ಅಲ್ಯೂಮಿನಿಯಂ ತಂತಿ ಒಂದಕ್ಕೊಂದು ತಾಗದಂತೆ ಇಳಿಬಿಡಿ. ವಿದ್ಯುತ್ ಕೆಲಸದವನ ಮೀಟರನ್ನು ಎರಡಕ್ಕೂ ಮುಟ್ಟಿಸಿದರೆ ಸುಮಾರು ಅರ್ಧ ವೋಲ್ಟ್ ತೋರಿಸುತ್ತದೆ. ಲೋಟದಲ್ಲಿ ಒಂದು ಚಿಕ್ಕ ಬ್ಯಾಟರಿಯೇ ಹುಟ್ಟಿತು. ಈ ವಿದ್ಯುತ್ತು ಬಿಟ್ಟಿಯಲ್ಲ. ಅಲ್ಯೂಮಿನಿಯಂ ಕರಗಿದ್ದರಿಂದ ಬಂದದ್ದು. ಅಲ್ಯೂಮಿನಿಯಂ ಕೊಳವೆಗೆ ಹಿತ್ತಾಳೆಯ ನಲ್ಲಿಯನ್ನು ನೇರವಾಗಿ ತಿರುಗಿಸಿ ಕೂಡಿಸಿದಾಗ ಆಗುವುದೂ ಇದೇ. ನಡುವೆ ರಬ್ಬರ್ ವಾಷರ್ ಅಥವಾ ಪ್ಲಾಸ್ಟಿಕ್ ಕಪ್ಲಿಂಗ್ ಇರಲಿ, ಲೋಹಕ್ಕೆ ಲೋಹ ತಾಗದಿರಲಿ. ಇದಕ್ಕೆ ಹೊಂದಿದ ಒಂದು ಚಿಕ್ಕ ಮಾತು: ಕೊಳವೆಗಳ ಮೇಲೆ ಗುರುತು ಹಾಕಲು ಸೀಸದ ಕಡ್ಡಿಯನ್ನು ಬಳಸಬೇಡಿ. ಅದರ ಕಡ್ಡಿ ಸೀಸವಲ್ಲ, ಗ್ರಾಫೈಟ್. ಅದು ತಾಮ್ರದಂತೆಯೇ ಕೆಲಸ ಮಾಡುತ್ತದೆ. ವಿಮಾನ ಕಟ್ಟುವ ಕಡೆ ಅಲ್ಯೂಮಿನಿಯಂ ತಗಡಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಲು ಬಿಡುವುದಿಲ್ಲ. ಬಣ್ಣದಿಂದ ನಂಬರು ಬರೆಯಿರಿ.

ಇನ್ನು ಅಳೆಯುವ ಮಾತು. ಪ್ರಯೋಗಶಾಲೆಯಲ್ಲಿ ನಾವು ಕೊಳವೆಯ ತುಂಡನ್ನು ನೈಟ್ರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಅದ್ದಿ ಬಿಳಿಯ ಹಿಟ್ಟನ್ನು ತೆಗೆಯುತ್ತಿದ್ದೆವು. ಆ ಆಮ್ಲ ಹಿಟ್ಟನ್ನು ಕರಗಿಸುತ್ತದೆ, ಲೋಹಕ್ಕೆ ಹೆಚ್ಚು ಕೈಹಾಕುವುದಿಲ್ಲ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಮೊದಲು ಕುಳಿಯ ಅಂಚು ಸ್ಪಷ್ಟವಾಗಿ ಕಾಣುವಂತೆ, ಅನಂತರ ತಳ ಸ್ಪಷ್ಟವಾಗಿ ಕಾಣುವಂತೆ ತಿರುಗಿಸುವುದು. ಎರಡಕ್ಕೂ ನಡುವಣ ಅಂತರವೇ ಕುಳಿಯ ಆಳ. ಹೀಗೆ ಅತಿ ಆಳವಾದ ಹತ್ತು ಕುಳಿಗಳನ್ನು ಅಳೆದು ಸರಾಸರಿಯನ್ನೂ, ಎಲ್ಲಕ್ಕಿಂತ ಆಳವಾದದ್ದನ್ನೂ ಬರೆದುಕೊಳ್ಳುವುದು ಪದ್ಧತಿ. ಕೊಳವೆಯ ಹಣೆಬರಹ ಬರೆಯುವುದು ಸರಾಸರಿಯಲ್ಲ, ಅತಿ ಆಳವಾದ ಆ ಒಂದು ಕುಳಿ.

ತಾವು ಆಮ್ಲಕ್ಕೆ ಕೈಹಾಕುವುದು ಬೇಡ. ಅದು ಕೈ ಸುಡುತ್ತದೆ, ಹೊಗೆ ಎದೆಗೆ ಕೆಟ್ಟದ್ದು. ಬೇರೆ ದಾರಿ ಇದೆ. ಎಂಜಿನ್ ರಿಪೇರಿ ಮಾಡುವ ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ ಎಂಬ ಗಡಿಯಾರದಂತಹ ಉಪಕರಣವಿರುತ್ತದೆ. ಅದರ ಒಂದೊಂದು ಗೆರೆಯೂ ಸಾಮಾನ್ಯವಾಗಿ ಮಿಲಿಮೀಟರಿನ ನೂರನೆಯ ಒಂದು ಪಾಲು. ಮೊನೆಗೆ ಸೂಜಿಯಂತಹ ಚೂಪು ತುದಿ ಹಾಕಿಸಿ, ಗಟ್ಟಿ ಮೈಯ ಮೇಲೆ ಇಟ್ಟು ಸೊನ್ನೆ ಮಾಡಿ, ಕುಳಿಯ ಮೇಲೆ ಸರಿಸಿದರೆ ಆಳವನ್ನು ಅದೇ ಹೇಳುತ್ತದೆ. ಮೊದಲು ನೀರು ಹಾಕಿ ನಾರಿನ ಬ್ರಷಿನಿಂದ ಹಿಟ್ಟನ್ನು ಉಜ್ಜಿ ತೆಗೆದಿರಬೇಕು. ಇಲ್ಲವಾದರೆ ಹಿಟ್ಟಿನ ಮೇಲೆಯೇ ಸೂಜಿ ನಿಂತು ಸುಳ್ಳು ಹೇಳುತ್ತದೆ. ಕೊಳವೆಯ ಒಳಮೈಗೆ ಇದು ಎಟುಕದು. ಅದಕ್ಕಾಗಿ ಕೆಲಸಕ್ಕೆ ಬಾರದ ಒಂದು ಕೊಳವೆಯನ್ನು ಬಲಿ ಕೊಟ್ಟು, ಉದ್ದಕ್ಕೆ ಸೀಳಿ ನೋಡುವುದೇ ಲೇಸು. ಅದೇ ನೀರು, ಅದೇ ವಯಸ್ಸಿನ ಉಳಿದ ಕೊಳವೆಗಳ ಸ್ಥಿತಿ ಅದರಿಂದ ಬಹುಮಟ್ಟಿಗೆ ತಿಳಿಯುತ್ತದೆ. ಅದೂ ಬೇಡವೆಂದರೆ, ಹೂಮಳೆಯ ಕಾಲಕ್ಕೆ ಒಂದು ತಿಂಗಳು ಮೊದಲೇ ಎಲ್ಲ ಕೊಳವೆಗಳನ್ನೂ ಜೋಡಿಸಿ ಪಂಪು ನಡೆಸಿ, ತೇವ ಕಂಡ ಕಡೆ ಬಣ್ಣದ ಗುರುತು ಮಾಡಿ. ನಾನು ಇದೊಂದನ್ನು ಮಾಡಿಸಿದ್ದರೆ ನನ್ನ ತಮ್ಮನ ನಾಲ್ಕು ದಿನ ಉಳಿಯುತ್ತಿತ್ತು.

ಒಮ್ಮೆ ಅಳೆದರೆ ಆಗಲಿಲ್ಲ. ಮುಂದೆಷ್ಟು ವರ್ಷ ಬರುತ್ತದೆಂದು ತಿಳಿಯಬೇಡವೆ? ಕೆನಡಾ ದೇಶದಲ್ಲಿ ಗೊಡಾರ್ಡ್ ಎಂಬ ವಿಜ್ಞಾನಿ ಹಳ್ಳಕೊಳ್ಳಗಳ ನೀರಿನಲ್ಲಿ ಅಲ್ಯೂಮಿನಿಯಂ ಅನ್ನು ವರ್ಷಗಟ್ಟಲೆ ಪರೀಕ್ಷಿಸಿ 1960ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದರು. ಕುಳಿ ಮೊದಲು ಬೇಗ ಇಳಿಯುತ್ತದೆ, ಹೋಗುತ್ತ ಹೋಗುತ್ತ ನಿಧಾನವಾಗುತ್ತದೆ. ಲೆಕ್ಕ ಹೀಗೆ: ಮೊದಲ ವರ್ಷದಲ್ಲಿ ಅರ್ಧ ಮಿಲಿಮೀಟರ್ ಇಳಿದರೆ, ಒಂದು ಮಿಲಿಮೀಟರ್ ಇಳಿಯಲು ಎರಡು ವರ್ಷವಲ್ಲ, ಎಂಟು ವರ್ಷ ಬೇಕು, ಒಂದೂವರೆ ಮಿಲಿಮೀಟರಿಗೆ 27 ವರ್ಷ. ಇದರಿಂದ ಕೊಳ್ಳುವವನಿಗೆ ಏನು ಲಾಭ? ದಪ್ಪ ಎರಡರಷ್ಟಾದರೆ ಆಯುಸ್ಸು ಎಂಟರಷ್ಟಾಗುತ್ತದೆ. ಅಗ್ಗವೆಂದು ತೆಳು ಕೊಳವೆ ಕೊಳ್ಳುವುದು ಎಷ್ಟು ದುಬಾರಿ ಎಂಬುದನ್ನು ತಾವೇ ಲೆಕ್ಕ ಹಾಕಿ. ಆದರೆ ಒಂದು ಎಚ್ಚರಿಕೆ. ನೀರು ಒಂದೇ ತೆರನಾಗಿದ್ದರೆ ಮಾತ್ರ ಈ ನಿಯಮ ನಡೆಯುತ್ತದೆ. ನಡುವೆ ಕೊಳವೆ ಬಾವಿ ಬದಲಾಗಿ ಸವಳು ನೀರು ಬಂದರೆ, ತಾಮ್ರ ಸೇರಿದರೆ, ಗೊಬ್ಬರದ ಹಸಿ ಅಂಟಿಕೊಂಡರೆ ಲೆಕ್ಕವೆಲ್ಲ ತಲೆಕೆಳಗು.

ತಡೆಯುವ ಬಗೆಗೆ ಬರುತ್ತೇನೆ. ಕೆಲವು ವಸ್ತುಗಳನ್ನು ನೀರಿಗೆ ಸ್ವಲ್ಪ ಸೇರಿಸಿದರೆ ಅವು ಪೊರೆಯನ್ನು ಬಲಪಡಿಸಿ ಕುಳಿಯನ್ನು ತಡೆಯುತ್ತವೆ. ಹಿಂದೆ ಇದಕ್ಕೆ ಹಳದಿ ಬಣ್ಣದ ಕ್ರೋಮೇಟನ್ನು ಮೀರಿಸಿದ್ದು ಇರಲಿಲ್ಲ. ಅದು ಕ್ಯಾನ್ಸರ್ ತರುವ ವಿಷವೆಂದು ಸಿದ್ಧವಾಗಿರುವುದರಿಂದ ತಾವು ಅದನ್ನು ಮುಟ್ಟಲೇಬಾರದು. 1980ರ ದಶಕದಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಹಿಂಟನ್ ಎಂಬವರೂ ಅವರ ಸಂಗಡಿಗರೂ ಸೀರಿಯಂ ಎಂಬ ಧಾತುವಿನ ಲವಣ ಅದೇ ಕೆಲಸ ಮಾಡುತ್ತದೆಂದು ತೋರಿಸಿದರು. ವಿಮಾನದ ಅಲ್ಯೂಮಿನಿಯಂನಲ್ಲಿ ಬಲಕ್ಕಾಗಿ ತಾಮ್ರ ಬೆರೆಸಿರುತ್ತಾರೆ; ಆ ತಾಮ್ರದ ಕಣಗಳ ಮೇಲೆ ಸೀರಿಯಂ ಹೋಗಿ ಕುಳಿತು ಅವುಗಳ ಬಾಯಿ ಮುಚ್ಚಿಸುತ್ತದೆ. ಇದು ವಿಮಾನದವರ ಮಾತು. ನಮ್ಮ ಕೊಳವೆಯ ನೀರು ಗಿಡದ ಬುಡಕ್ಕೆ ಹೋಗುವಂಥದು. ಅದಕ್ಕೆ ಯಾವ ಮದ್ದನ್ನೂ ಬೆರೆಸುವಂತಿಲ್ಲ. ನಿಂತ ನೀರನ್ನೇ ಮತ್ತೆ ಮತ್ತೆ ಸುತ್ತಿಸುವ ಕಡೆ ಮಾತ್ರ ಮದ್ದು ಹಾಕಬಹುದು, ಅಂದರೆ ಟ್ರಾಕ್ಟರಿನ ರೇಡಿಯೇಟರ್.

ಈಗಿನ ಎಷ್ಟೋ ಎಂಜಿನ್ನುಗಳಲ್ಲಿ ರೇಡಿಯೇಟರೋ ನೀರಿನ ಪಂಪೋ ಅಲ್ಯೂಮಿನಿಯಂನದಾಗಿರುತ್ತದೆ. ಅದಕ್ಕೆ ಕೊಳವೆ ಬಾವಿಯ ನೀರು ಸುರಿದರೆ ಕುಳಿ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಕೂಲಂಟಿನಲ್ಲಿ ಸಿಲಿಕೇಟ್ ಮೊದಲಾದ ತಡೆವಸ್ತುಗಳಿವೆ. ಆಯಾ ಎಂಜಿನ್ನಿಗೆ ಹೇಳಿದ್ದನ್ನೇ ತಂದು, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ, ಬ್ಯಾಟರಿಗೆ ಹಾಕುವಂತಹ ಶುದ್ಧ ನೀರಿನಲ್ಲಿ ಬೆರೆಸಬೇಕು. ಇಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. ಒಂದು ಡಬ್ಬಿಯನ್ನು ಎರಡು ಸಲಕ್ಕೆ ಬರಿಸೋಣವೆಂದು ಅರ್ಧ ಹಾಕುತ್ತಾರೆ. ಅರ್ಧ ಮದ್ದಿಗೆ ಅರ್ಧ ಗುಣವೆಂದು ತಿಳಿಯಬಾರದು. ಪೊರೆಯನ್ನು ಬಲಪಡಿಸುವ ಮದ್ದು ಸಾಲದಾದಾಗ ಮೈಯೆಲ್ಲ ಮುಚ್ಚಿ, ಎರಡು ಮೂರು ಚುಕ್ಕೆ ಮಾತ್ರ ತೆರೆದಿರುತ್ತದೆ; ತಿನ್ನುವ ಬಲವೆಲ್ಲ ಆ ಚುಕ್ಕೆಗಳ ಮೇಲೆಯೇ ಬಿದ್ದು, ಮದ್ದೇ ಇಲ್ಲದಿದ್ದಾಗಿನದಕ್ಕಿಂತ ಬೇಗ ತೂತಾಗುವುದುಂಟು.

ಕೊಳವೆಗಳಿಗೆ ಮದ್ದಿಲ್ಲದಿದ್ದರೂ ಪಥ್ಯವಿದೆ. ಗೊಬ್ಬರ ಬೆರೆಸಿ ನೀರು ಕೊಟ್ಟ ಮೇಲೆ ಕಾಲು ಗಂಟೆ ಬರಿಯ ನೀರನ್ನು ಹರಿಸಿರಿ. ಕೆಲಸ ಮುಗಿದೊಡನೆ ಕೊಳವೆಗಳನ್ನು ಬಗ್ಗಿಸಿ ನೀರು ಬಸಿಯಿರಿ. ಒಳಗೆ ಕೆಸರು ಕುಳಿತರೆ ಅದರ ಕೆಳಗೆ ಕುಳಿ ಬೀಳುತ್ತದೆ. ನೆಲದ ಮೇಲೆ ಹಾಕದೆ ಮರದ ಅಡ್ಡಗಳ ಮೇಲೆ, ಒಂದು ತುದಿ ಸ್ವಲ್ಪ ತಗ್ಗಾಗಿ, ಗಾಳಿಯಾಡುವ ಕಡೆ ಜೋಡಿಸಿರಿ. ಗೊಬ್ಬರದ ಕೊಠಡಿ, ದನದ ಕೊಟ್ಟಿಗೆ, ಹೊಸದಾಗಿ ಸುಣ್ಣ ಹೊಡೆದ ಗೋಡೆ, ಹಸಿ ಸಿಮೆಂಟು ಇವುಗಳಿಂದ ದೂರವಿರಲಿ. ಕೆಲವು ಜಾತಿಯ ಕೊಳವೆಗಳ ಮೈಗೆ ಸ್ವಲ್ಪ ಸತು ಬೆರೆಸಿದ ತೆಳ್ಳನೆಯ ಅಲ್ಯೂಮಿನಿಯಂ ಹೊದಿಕೆ ಇರುತ್ತದೆ. ಆಲ್‌ಕ್ಲಾಡ್ ಎಂದು ಅದರ ಹೆಸರು. ಆ ಹೊದಿಕೆ ತಾನು ಸವೆದು ಒಳಗಿನ ಲೋಹವನ್ನು ಕಾಯುತ್ತದೆ. ಕುಳಿ ಆಳಕ್ಕೆ ಇಳಿಯದೆ ಅಗಲಕ್ಕೆ ಹರಡುತ್ತದೆ. ಅಂಥದನ್ನು ತಂತಿ ಬ್ರಷಿನಿಂದ ಉಜ್ಜಿ ಹೊಳಪು ಮಾಡಹೋಗಬೇಡಿ.

ಪಂಪ್‌ಸೆಟ್ಟಿನ ತಂತಿಗಳ ಬಗ್ಗೆ ಒಂದೇ ಮಾತು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಹೆಣೆದು ಗಂಟು ಹಾಕಿದರೆ ಮಳೆಗಾಲದಲ್ಲಿ ಆ ಗಂಟು ತಿಂದುಹೋಗಿ, ಕಾದು, ಒಂದು ಫೇಸು ಕಡಿದು ಮೋಟಾರು ಸುಡುತ್ತದೆ. ಎರಡು ಲೋಹಕ್ಕೂ ಹೊಂದುವ ಬೈಮೆಟಲ್ ಲಗ್ ಸಿಗುತ್ತದೆ. ವಿದ್ಯುತ್ ನಿಲ್ಲಿಸಿ, ಕೆಲಸ ಬಲ್ಲವರಿಂದಲೇ ಹಾಕಿಸಿರಿ.

ಭಾಷಣ ಮುಗಿದ ಮೇಲೆ ಕೇಳಲೆಂದು ಕೆಲವರು ಚೀಟಿ ಕೊಟ್ಟಿದ್ದಾರೆ. ಅವಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ.

ಒಬ್ಬ ತಾಯಿ ಕೇಳಿದ್ದಾರೆ: ನೀರು ಕಾಸುವ ಪಾತ್ರೆಯ ಒಳಗೆಲ್ಲ ಕಪ್ಪಾಗಿದೆ, ಬಿಸಾಡಬೇಕೆ? ಬೇಡ ತಾಯಿ. ನೀರಿನಲ್ಲಿ ಸ್ವಲ್ಪ ಖಾರದ ಅಂಶವಿದ್ದು ಪೊರೆ ದಪ್ಪವಾದಾಗ ಹಾಗೆ ಕಪ್ಪಾಗುತ್ತದೆ. ಪಾತ್ರೆಗೆ ಕೇಡಿಲ್ಲ. ಹುಣಸೆಹಣ್ಣು ಹಾಕಿ ನೀರು ಕುದಿಸಿದರೆ ಹೋಗುತ್ತದೆ. ಕಪ್ಪಿಗೆ ಹೆದರಬೇಡಿ, ಬಿಳಿಯ ಚುಕ್ಕೆಗೆ ಹೆದರಿ. ಉಪ್ಪು, ಉಪ್ಪಿನಕಾಯಿ, ಹುಳಿ ಮಜ್ಜಿಗೆ, ಮಿಕ್ಕ ಸಾರು ಇವನ್ನು ರಾತ್ರಿಯೆಲ್ಲ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ. ಹಾಲಿನ ಕ್ಯಾನನ್ನು ಬೂದಿಯಿಂದಾಗಲಿ ಬರಿಯ ಸೋಡಾದಿಂದಾಗಲಿ ತೊಳೆಯದೆ, ಸಿಲಿಕೇಟ್ ಬೆರೆಸಿದ, ಅಲ್ಯೂಮಿನಿಯಂಗೆಂದೇ ಮಾಡಿದ ಪುಡಿಯಿಂದ ತೊಳೆದು, ಬೋರಲು ಹಾಕಿ ಒಣಗಿಸಿರಿ.

ಇನ್ನೊಬ್ಬರ ಪ್ರಶ್ನೆ: ಸೂಜಿ ತೂತು ಬಿದ್ದ ಕೊಳವೆಗೆ ಬೆಸುಗೆ ಹಾಕಿಸಬಹುದೆ? ತೆಳು ಕೊಳವೆಯಲ್ಲಿ ಕುಳಿಯ ಸುತ್ತಲ ಲೋಹವೂ ಬಡವಾಗಿರುತ್ತದೆ; ಬೆಸುಗೆಯ ಕಾವಿಗೆ ಸಣ್ಣ ತೂತು ದೊಡ್ಡದಾಗುತ್ತದೆ. ಆ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಗಿಡ್ಡ ಕೊಳವೆಯಾಗಿ ಬಳಸುವುದು ಮೇಲು. ಕೆಲಸದ ನಡುವೆ ಸೋರಿದರೆ ರಬ್ಬರ್ ಪಟ್ಟಿಯಿಟ್ಟು ಕ್ಲಾಂಪು ಬಿಗಿದು ಆ ಸಲ ದಾಟಿಸಿರಿ. ಕುಳಿ ಬಿದ್ದು ಇನ್ನೂ ತೂತಾಗದ ಕೊಳವೆಗಳನ್ನು ಪಂಪಿನ ಹತ್ತಿರ ಹಾಕಬೇಡಿ, ಅಲ್ಲಿ ಒತ್ತಡ ಹೆಚ್ಚು. ಸಮನೆಲವಾದರೆ ಸಾಲಿನ ಕೊನೆಯಲ್ಲಿ ಹಾಕಿರಿ. ಇಳಿಜಾರಿನ ತೋಟವಾದರೆ ಎತ್ತರದ ಕಡೆ. ನನ್ನ ತಮ್ಮ ಈಗ ಹಾಗೆಯೇ ಮಾಡುತ್ತಿದ್ದಾನೆ. ಪ್ರತಿ ಕೊಳವೆಯ ಮೇಲೂ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾನೆ, ಜನವರಿಯಲ್ಲಿಯೇ ಪಂಪು ಹಾಕಿ ನೋಡುತ್ತಾನೆ, ನನ್ನನ್ನು ಕೇಳುವುದಿಲ್ಲ.